ಕಡಲಿನ ಪಂಚಾಂಗ, ಸರ್ಕಾರದ ಕ್ಯಾಲೆಂಡರ್

2017ರ ಬೇಸಿಗೆಯಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ತಿಮಿಂಗಿಲಗಳ ಶವಗಳು ಒಂದರ ಹಿಂದೊಂದರಂತೆ ತೇಲತೊಡಗಿದವು. ವರ್ಷ ಮುಗಿಯುವ ಹೊತ್ತಿಗೆ ಕೆನಡಾದಲ್ಲಿ 12, ಅಮೆರಿಕದಲ್ಲಿ 5, ಒಟ್ಟು 17 ರೈಟ್ ತಿಮಿಂಗಿಲಗಳು ಸತ್ತಿದ್ದವು. ಉತ್ತರ ಅಟ್ಲಾಂಟಿಕ್‌ನ ಈ ತಿಮಿಂಗಿಲಗಳು ಇಂದು ಜಗತ್ತಿನಲ್ಲಿ ಉಳಿದಿರುವುದೇ ನಾಲ್ಕುನೂರಕ್ಕಿಂತ ಕಡಿಮೆ. ಅಂಥ ಕುಲಕ್ಕೆ ಒಂದೇ ವರ್ಷದಲ್ಲಿ ಹದಿನೇಳು ಸಾವು ಎಂದರೆ ಅದು ಸಣ್ಣ ಪೆಟ್ಟಲ್ಲ. ಕೆಲವಕ್ಕೆ ಹಡಗು ಬಡಿದಿತ್ತು, ಕೆಲವು ಏಡಿ ಹಿಡಿಯುವ ಬೋನುಗಳ ಹಗ್ಗಕ್ಕೆ ಸಿಕ್ಕಿಕೊಂಡಿದ್ದವು.

ಅವುಗಳನ್ನು ಕಾಪಾಡುವ ಕಾನೂನುಗಳು ಇರಲಿಲ್ಲವೆಂದಲ್ಲ. ಅಮೆರಿಕ ಮತ್ತು ಕೆನಡಾಗಳ ನಡುವಿನ ಮೇನ್ ಕೊಲ್ಲಿ ಹಾಗೂ ಅದಕ್ಕೆ ಹೊಂದಿಕೊಂಡ ಫಂಡಿ ಕೊಲ್ಲಿಗಳಲ್ಲಿ ಈ ತಿಮಿಂಗಿಲಗಳು ತಲೆಮಾರುಗಳಿಂದ ಬೇಸಿಗೆ ಕಳೆಯುತ್ತಿದ್ದವು. ಅಲ್ಲಿ ಅವುಗಳಿಗಾಗಿಯೇ 2003ರಲ್ಲಿ ಹಡಗಿನ ಮಾರ್ಗವನ್ನು ಬದಲಿಸಲಾಗಿತ್ತು. ಅಮೆರಿಕ 2008ರಲ್ಲಿ ತನ್ನ ಪೂರ್ವ ತೀರದ ಆಯ್ದ ಭಾಗಗಳಲ್ಲಿ ಹಡಗುಗಳ ವೇಗಕ್ಕೆ ಮಿತಿ ಹಾಕಿತ್ತು. ಯಾವ ತಿಂಗಳು, ಯಾವ ಜಾಗ, ಎಷ್ಟು ವೇಗ ಎಂಬುದೆಲ್ಲ ನಿಯಮಾವಳಿಯಲ್ಲಿ ಸ್ಪಷ್ಟವಾಗಿತ್ತು. ಆದರೆ 2010ರ ನಂತರ ತಿಮಿಂಗಿಲಗಳು ನಿಯಮ ಜಾರಿಯಲ್ಲಿದ್ದ ಜಾಗಕ್ಕೆ ಬರುವುದು ಕಡಿಮೆಯಾಯಿತು. 2015ರ ಹೊತ್ತಿಗೆ ಅವು ಉತ್ತರದ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸತೊಡಗಿದವು. ಅಲ್ಲಿ ಹಡಗುಗಳಿಗೆ ವೇಗದ ಮಿತಿ ಬಂದದ್ದು 2017ರ ಆಗಸ್ಟ್‌ನಲ್ಲಿ, ಶವಗಳ ಎಣಿಕೆ ಆರಂಭವಾದ ಮೇಲೆ.

ತಿಮಿಂಗಿಲಗಳು ತಮ್ಮ ಹಳೆಯ ಊಟದ ಮನೆಯನ್ನು ಬಿಟ್ಟು ಹೋದದ್ದೇಕೆ? ಅಲ್ಲಿ ಊಟ ಕಡಿಮೆಯಾದದ್ದರಿಂದ. ಆ ಊಟ ಯಾವುದೆಂದರೆ ಎರಡು ಮೂರು ಮಿಲಿಮೀಟರ್ ಉದ್ದದ, ಅಕ್ಕಿಯ ನುಚ್ಚಿನಷ್ಟಿರುವ ಒಂದು ಜೀವಿ. ಅದರ ಹೆಸರು ಕ್ಯಾಲನಸ್ ಫಿನ್‌ಮಾರ್ಕಿಕಸ್. ದಿನಕ್ಕೆ ಟನ್ನಿಗೂ ಹೆಚ್ಚು ಆಹಾರ ಬೇಕಾದ ಪ್ರಾಣಿಯ ಅಳಿವು ಉಳಿವು ನುಚ್ಚಿನಷ್ಟು ಚಿಕ್ಕ ಜೀವಿಯ ಸಂತಾನದ ಮೇಲೆ ನಿಂತಿದೆ. ಆ ನುಚ್ಚಿನ ಸಂತಾನವಾದರೋ, ಸಮುದ್ರದ ಆಳದಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದ ಹೆಣ್ಣಿನ ಅಂಡಾಶಯದಲ್ಲಿ ನಡೆಯುವ ಕೆಲವು ವಾರಗಳ ಬೆಳವಣಿಗೆಯನ್ನು ಅವಲಂಬಿಸಿದೆ. ಕಡಲನ್ನು ಆಳುವ ನಮ್ಮ ಕಾನೂನುಗಳು ದಿನಾಂಕ, ನಕ್ಷೆ ಮತ್ತು ಟನ್ನುಗಳ ಭಾಷೆಯನ್ನಷ್ಟೇ ಬಲ್ಲವು. ಅಂಡಾಶಯದ ಈ ಪಂಚಾಂಗವನ್ನು ಅವು ಓದಿಲ್ಲ. ಓದುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ ಎಂಬುದೇ ನನ್ನ ಈ ಬರಹಕ್ಕೆ ಪ್ರೇರಣೆ.

ಕ್ಯಾಲನಸ್ ಕೋಪಿಪಾಡ್ ಎಂಬ ವರ್ಗಕ್ಕೆ ಸೇರಿದ್ದು; ಸಿಗಡಿ, ಏಡಿಗಳ ದೂರದ ನೆಂಟ. ಈ ವರ್ಗದ ಒಂದು ಜೀವಿ ಉತ್ತರ ಕರ್ನಾಟಕದ ಹಿರಿಯರಿಗೆ ಹೆಸರಿನಿಂದಲ್ಲವಾದರೂ ಅದು ತಂದಿಟ್ಟ ಸಂಕಟದಿಂದ ಪರಿಚಿತ. ಮೆಟ್ಟಿಲು ಬಾವಿಗಳ ನೀರಿನಲ್ಲಿದ್ದು ನಾರುಹುಣ್ಣಿನ ಹುಳುವನ್ನು ಹೊಟ್ಟೆಗೆ ಸಾಗಿಸುತ್ತಿದ್ದ ಸೈಕ್ಲಾಪ್ಸ್ ಕೂಡ ಕೋಪಿಪಾಡೇ. ಅದನ್ನು ತಡೆಯಲೆಂದೇ ಜನ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ರೂಢಿಸಿಕೊಂಡರು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಬಾವಿಯಲ್ಲಿ ಶತ್ರುವಾಗಿದ್ದ ಈ ಬಳಗ ಕಡಲಿನಲ್ಲಿ ಅನ್ನದಾತ. ಸಮುದ್ರದ ಸೂಕ್ಷ್ಮ ಸಸ್ಯಗಳನ್ನು ತಿಂದು, ಅವುಗಳ ಸತ್ವವನ್ನು ಮೀನುಗಳಿಗೂ ತಿಮಿಂಗಿಲಗಳಿಗೂ ದಾಟಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಕೋಪಿಪಾಡ್‌ಗಳೇ. ಹೆರಿಂಗ್ ಮೀನು ಬದುಕುವುದು, ಕಾಡ್ ಮೀನಿನ ಮರಿ ದೊಡ್ಡದಾಗುವುದು ಇವುಗಳನ್ನು ತಿಂದೇ.

ಕ್ಯಾಲನಸ್‌ಗೆ ಮೊದಲು ಹೆಸರಿಟ್ಟವರು ನಾರ್ವೆಯ ಬಿಷಪ್ ಯೋಹಾನ್ ಅರ್ನ್ಸ್ಟ್ ಗುನ್ನೇರಸ್, 1770ರಲ್ಲಿ. ಮುಂದೆ ಸ್ಕಾಟ್ಲೆಂಡಿನ ಮಿಲ್‌ಪೋರ್ಟ್‌ನಲ್ಲಿ ಶೀನಾ ಮಾರ್ಷಲ್ ಮತ್ತು ಆ್ಯಂಡ್ರ್ಯೂ ಆರ್ ಎಂಬಿಬ್ಬರು ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಒಂದು ಜೀವಿಗೆ ಮುಡಿಪಿಟ್ಟು 1955ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಇಂದು ನಮ್ಮಲ್ಲಿ ಯಾರಾದರೂ ಅಂಥ ಯೋಜನೆಯನ್ನು ಮುಂದಿಟ್ಟರೆ ಅನುದಾನ ಸಮಿತಿಯ ಮೊದಲ ಪ್ರಶ್ನೆ ‘ಇದರಿಂದ ಸಮಾಜಕ್ಕೇನು ಉಪಯೋಗ’ ಎಂದೇ ಇರುತ್ತದೆ.

ಈ ಜೀವಿಯ ಬದುಕಿನ ಕ್ರಮ ವಿಚಿತ್ರವಾದದ್ದು. ಮೊಟ್ಟೆಯಿಂದ ಹೊರಬಂದ ಮರಿ ಹನ್ನೊಂದು ಸಲ ಪೊರೆ ಕಳಚಿ ಪ್ರೌಢವಾಗಬೇಕು. ಆದರೆ ಕೊನೆಯ ಪೊರೆ ಕಳಚುವ ಮೊದಲು, ಅಂದರೆ ಪ್ರಾಯಕ್ಕೆ ಒಂದು ಮೆಟ್ಟಿಲು ಬಾಕಿ ಇರುವಾಗ, ಬಹುತೇಕ ಮರಿಗಳು ನಿಂತುಬಿಡುತ್ತವೆ. ಬೇಸಿಗೆಯಲ್ಲಿ ಹೊಟ್ಟೆ ತುಂಬ ತಿಂದು, ದೇಹದೊಳಗಿನ ಉದ್ದನೆಯ ಚೀಲದಲ್ಲಿ ಎಣ್ಣೆಯನ್ನು ತುಂಬಿಕೊಳ್ಳುತ್ತವೆ. ಇದು ಮೇಣದ ಜಾತಿಯ ಕೊಬ್ಬು. ನೀರಿನಂಶ ತೆಗೆದು ತೂಗಿದರೆ ದೇಹದ ಅರ್ಧಕ್ಕೂ ಹೆಚ್ಚು ತೂಕ ಇದರದೇ ಆಗಿರಬಹುದು. ಬಳಿಕ ಅವು ಕೆಳಗಿಳಿಯುತ್ತವೆ. ಮೇನ್ ಕೊಲ್ಲಿಯಂಥ ಕಡೆ ಇನ್ನೂರು ಮೀಟರ್ ಆಳದ ತಗ್ಗುಗಳಿಗೆ, ನಾರ್ವೆ ಸಮುದ್ರದಲ್ಲಿ ಐನೂರು ಮೀಟರಿಗಿಂತಲೂ ಕೆಳಗಿನ ತಣ್ಣನೆಯ ಕತ್ತಲಿಗೆ. ಅಲ್ಲಿ ಅವು ತಿನ್ನುವುದಿಲ್ಲ, ಬೆಳೆಯುವುದಿಲ್ಲ, ಹೆಚ್ಚು ಅಲುಗಾಡುವುದೂ ಇಲ್ಲ. ಉಸಿರಾಟ ಕೂಡ ಎಚ್ಚರದ ಕಾಲದ ಒಂದು ಸಣ್ಣ ಪಾಲಿಗೆ ಇಳಿಯುತ್ತದೆ. ಇದೇ ಸುಪ್ತಾವಸ್ಥೆ. ಈ ಅವಧಿಯಲ್ಲಿ ಹೆಣ್ಣಿನ ಅಂಡಾಶಯ ಹೆಸರಿಗಷ್ಟೇ ಇರುತ್ತದೆ. ಬೆನ್ನಿನ ಕೆಳಗೆ ಅಡಗಿದ ಕೋಶಗಳ ಒಂದು ಪುಟ್ಟ ಗಂಟು, ಅಷ್ಟೆ.

ಚಳಿಗಾಲದ ನಡುವೆ ಅಥವಾ ಕೊನೆಯಲ್ಲಿ ಅವು ಎಚ್ಚರಗೊಳ್ಳುತ್ತವೆ. ಎಬ್ಬಿಸುವ ಗಂಟೆ ಯಾವುದು, ಹೊರಗಿನ ಬೆಳಕಿನ ಅವಧಿಯೋ, ಒಳಗಿನ ಗಡಿಯಾರವೋ ಅಥವಾ ಎಣ್ಣೆಯ ಮಟ್ಟ ಇಳಿದದ್ದೋ ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಎದ್ದ ಮೇಲೆ ನಡೆಯುವುದು ಮಾತ್ರ ಚೆನ್ನಾಗಿ ತಿಳಿದಿದೆ. ಗಂಡುಗಳು ಮೊದಲು ಪ್ರೌಢವಾಗುತ್ತವೆ. ಹೆಣ್ಣು ಕೊನೆಯ ಪೊರೆ ಕಳಚಿದ ಕೆಲಕಾಲದಲ್ಲೇ ಕೂಡುವಿಕೆ ಮುಗಿಯುತ್ತದೆ. ಪಡೆದ ಬೀಜಾಣುಗಳನ್ನು ಹೆಣ್ಣು ತನ್ನ ದೇಹದಲ್ಲೇ ಜೋಪಾನವಾಗಿಟ್ಟುಕೊಂಡು ಮೇಲಕ್ಕೆ ಏರುತ್ತದೆ. ಅಷ್ಟರಲ್ಲಿ ಅಂಡಾಶಯ ಬೆಳೆಯತೊಡಗಿರುತ್ತದೆ. ಗಮನಿಸಬೇಕಾದ ಸಂಗತಿ ಇದು: ಮೇಲೆ ಇನ್ನೂ ಹಸಿರು ಇಲ್ಲ, ಹೆಣ್ಣು ಇನ್ನೂ ತುತ್ತು ಕಂಡಿಲ್ಲ. ಆದರೂ ಅಂಡಾಶಯ ಕಟ್ಟುವ ಕೆಲಸ ಆರಂಭವಾಗಿದೆ. ಅದಕ್ಕೆ ಬೇಕಾದ ಬಂಡವಾಳ ಹೋದ ಬೇಸಿಗೆಯ ಎಣ್ಣೆ. ನಿದ್ದೆಯಲ್ಲಿ ಉರಿದು ಉಳಿದದ್ದರಲ್ಲಿ ದೊಡ್ಡ ಪಾಲು ಈ ಕಟ್ಟೋಣಕ್ಕೇ ಖರ್ಚಾಗುತ್ತದೆ ಎಂಬುದನ್ನು ಎರಡು ದಶಕಗಳ ಹಿಂದಿನ ಅಧ್ಯಯನಗಳೇ ತೋರಿಸಿವೆ.

ಅಂಡಾಶಯದಿಂದ ಎರಡು ನಾಳಗಳು ತಲೆಯ ಕಡೆಗೆ ಚಾಚಿಕೊಳ್ಳುತ್ತವೆ. ಅವುಗಳಲ್ಲಿ ಅಂಡಕೋಶಗಳು ಸಾಲುಗಟ್ಟುತ್ತವೆ. ಬೆನ್ನಿನ ಕಡೆಗೆ ಚಿಕ್ಕವು, ಹಲವು ಪದರಗಳಲ್ಲಿ. ಹೊಟ್ಟೆಯ ಕಡೆಗೆ ದೊಡ್ಡವು. ದೊಡ್ಡವು ಭಂಡಾರವನ್ನು, ಅಂದರೆ ಮೊಟ್ಟೆಯ ಹಳದಿ ಭಾಗಕ್ಕೆ ಸಮನಾದ ಪೋಷಕ ದ್ರವ್ಯವನ್ನು, ತುಂಬಿಕೊಳ್ಳುತ್ತ ಉಬ್ಬುತ್ತವೆ. ಇಡುವ ಹೊತ್ತು ಹತ್ತಿರವಾದಂತೆ ಅವುಗಳ ಬಣ್ಣ ಗಾಢವಾಗುತ್ತದೆ, ಕೋಶಕೇಂದ್ರದ ಪೊರೆ ಕರಗುತ್ತದೆ. ಆಮೇಲೆ ಆ ಒಂದು ಸಾಲು ಪೂರ್ತಿ ನೀರಿಗೆ ಬೀಳುತ್ತದೆ. ಒಂದು ಸಲಕ್ಕೆ ಐವತ್ತರಷ್ಟು ಮೊಟ್ಟೆಗಳು, ಒಂದೊಂದೂ ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು. ಕೆಳಗಿನ ಸಾಲು ಖಾಲಿಯಾದಂತೆ ಮೇಲಿನ ಸಾಲು ಅದರ ಜಾಗಕ್ಕೆ ಇಳಿಯುತ್ತದೆ. ಸಮಾರಾಧನೆಯಲ್ಲಿ ಒಂದು ಪಂಕ್ತಿ ಏಳುತ್ತಿದ್ದಂತೆ ಬಾಗಿಲಲ್ಲಿ ಕಾದವರು ಬಂದು ಕೂರುವಂತೆ.

ಈ ಕೊನೆಯ ಹಂತಕ್ಕೆ ಕ್ಯಾಲನಸ್ ಫಿನ್‌ಮಾರ್ಕಿಕಸ್‌ಗೆ ಹೊಸ ಅನ್ನ ಬೇಕು. ಹಳೆಯ ಎಣ್ಣೆ ಅಂಡಾಶಯವನ್ನು ಕಟ್ಟಿಕೊಡಬಲ್ಲದು, ಮೊದಲ ಕೆಲವು ಮೊಟ್ಟೆಗಳಿಗೆ ಒದಗಬಲ್ಲದು. ಋತುವಿಡೀ ಮೊಟ್ಟೆಯಿಡಿಸಲು ಅದಕ್ಕೆ ಆಗದು. ವಸಂತದಲ್ಲಿ ಕಡಲಿನ ಮೇಲ್ಪದರದಲ್ಲಿ ಸೂಕ್ಷ್ಮ ಸಸ್ಯಗಳು ಒಮ್ಮೆಲೇ ಹಬ್ಬುತ್ತವಲ್ಲ, ಆ ಹಸಿರು ಸಿಕ್ಕರೆ ಮಾತ್ರ ಸಾಲಿನ ಮೇಲೆ ಸಾಲು ಮಾಗುತ್ತದೆ. ಪ್ರಯೋಗಶಾಲೆಯಲ್ಲಿ ಹೆಣ್ಣುಗಳಿಗೆ ಆಹಾರ ನಿಲ್ಲಿಸಿ ನೋಡಿದ್ದಾರೆ: ಕೆಲವೇ ದಿನಗಳಲ್ಲಿ ದೊಡ್ಡ ಅಂಡಕೋಶಗಳ ಮಾಗುವಿಕೆ ನಿಲ್ಲುತ್ತದೆ, ಮೊಟ್ಟೆಯಿಡುವುದೂ ನಿಲ್ಲುತ್ತದೆ. ಮತ್ತೆ ಆಹಾರ ಕೊಟ್ಟರೆ ಕೆಲಸ ಪುನಃ ಆರಂಭವಾಗುತ್ತದೆ. ನಮ್ಮ ರೈತ ಕಣಜದಲ್ಲಿ ಬಿತ್ತನೆಯ ಬೀಜ ಉಳಿಸಿಕೊಂಡು, ಹೊಲ ಹದಮಾಡಿ, ಮೃಗಶಿರಾ ಮಳೆಗೆ ಕಾಯುವುದಕ್ಕೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ. ಕಣಜ ಖಾಲಿಯಾದರೂ ಕಷ್ಟ, ಮಳೆ ತಪ್ಪಿದರೂ ಕಷ್ಟ.

ಎಲ್ಲ ಕ್ಯಾಲನಸ್‌ಗಳೂ ಹೀಗಲ್ಲ. ಉತ್ತರ ಧ್ರುವದ ಕಡೆಯ ಕ್ಯಾಲನಸ್ ಹೈಪರ್‌ಬೋರಿಯಸ್ ಗಾತ್ರದಲ್ಲಿ ದೊಡ್ಡದು, ಅದರ ಕಣಜವೂ ದೊಡ್ಡದು. ಅದು ಚಳಿಗಾಲದ ಕತ್ತಲಲ್ಲಿ, ಆಳದಲ್ಲೇ, ಒಂದು ತುತ್ತೂ ತಿನ್ನದೆ ಮೊಟ್ಟೆಯಿಡುತ್ತದೆ. ಎಣ್ಣೆ ತುಂಬಿದ ಆ ಮೊಟ್ಟೆಗಳು ತಾವಾಗಿ ಮೇಲಕ್ಕೆ ತೇಲುತ್ತವೆ. ಉತ್ತರ ಪೆಸಿಫಿಕ್‌ನ ನಿಯೋಕ್ಯಾಲನಸ್‌ನ ಪ್ರೌಢ ಹೆಣ್ಣು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಅದು ತಿನ್ನುವುದನ್ನೇ ಬಿಟ್ಟಿದೆ. ಬಾಯಿಯ ಅಂಗಗಳು ಕ್ಷೀಣಿಸಿವೆ. ಮೊಟ್ಟೆಯಿಟ್ಟು ಸಾಯುವುದಷ್ಟೇ ಅದರ ಕೆಲಸ. ಇವೆರಡರ ಪಂಚಾಂಗ ವಸಂತದ ಹಸಿರಿಗೆ ನೇರವಾಗಿ ಕಟ್ಟುಬಿದ್ದಿಲ್ಲ. ಅವುಗಳ ಮರಿಗಳ ಪಂಚಾಂಗ ಮಾತ್ರ ಕಟ್ಟುಬಿದ್ದೇ ಇದೆ.

ಲೆಕ್ಕ ತಪ್ಪಿದರೆ ಏನಾಗಬಹುದೆಂಬುದಕ್ಕೆ ಸ್ವಾಲ್‌ಬಾರ್ಡ್ ದ್ವೀಪಸಮೂಹದ ರಿಯ್ಪ್ ಫಿಯೋರ್ಡ್‌ನಲ್ಲಿ ನಡೆದ ಅಧ್ಯಯನವೊಂದು ಕನ್ನಡಿ ಹಿಡಿಯುತ್ತದೆ. ಅಲ್ಲಿನ ಕ್ಯಾಲನಸ್ ಗ್ಲೇಸಿಯಾಲಿಸ್‌ನ ಹೆಣ್ಣು ಮಂಜಿನ ಹಾಳೆಯ ತಳದಲ್ಲಿ ಬೆಳೆಯುವ ಪಾಚಿಯನ್ನು ತಿಂದು ಮೊಟ್ಟೆಯಿಡುತ್ತದೆ. ಸುಮಾರು ಎರಡು ತಿಂಗಳ ನಂತರ ಮಂಜು ಕರಗಿ ನೀರಿನಲ್ಲಿ ಹಸಿರು ಹಬ್ಬುವಾಗ ಮರಿಗಳು ತಿನ್ನುವಷ್ಟು ಬೆಳೆದಿರುತ್ತವೆ. ತಾಯಿಗೊಂದು ಪಂಕ್ತಿ, ಮಕ್ಕಳಿಗೊಂದು ಪಂಕ್ತಿ. ಮಂಜು ಬೇಗ ಒಡೆದರೆ ಎರಡೂ ಪಂಕ್ತಿಗಳ ನಡುವಿನ ಅಂತರ ಕುಗ್ಗುತ್ತದೆ. ತಾಯಿ ಉಂಡರೂ ಮಕ್ಕಳು ಬರುವ ಹೊತ್ತಿಗೆ ಎಲೆ ಎತ್ತಿರುತ್ತಾರೆ. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಎಚ್ಚರಿಕೆ ಇದೇ ಆಗಿತ್ತು.

ಈಗ ಮೇನ್ ಕೊಲ್ಲಿಗೆ ಮರಳೋಣ. 2010ರ ಆಸುಪಾಸಿನಿಂದ ಅಲ್ಲಿನ ತಳದ ತಗ್ಗುಗಳಿಗೆ ಹೊರಗಿನಿಂದ ಹೆಚ್ಚು ಬೆಚ್ಚಗಿನ ನೀರು ನುಗ್ಗತೊಡಗಿತು. ಮಲಗುವ ಕೋಣೆಯೇ ಬಿಸಿಯಾಯಿತು. ಬಿಸಿ ನೀರಿನಲ್ಲಿ ಉಸಿರಾಟ ಹೆಚ್ಚು, ಎಣ್ಣೆ ಉರಿಯುವುದು ಬೇಗ. ಎದ್ದಾಗ ಅಂಡಾಶಯ ಕಟ್ಟಲು ಉಳಿಯುವುದು ಕಡಿಮೆ. ಇದರ ಜೊತೆಗೆ ಉತ್ತರದಿಂದ ತಣ್ಣೀರಿನೊಡನೆ ತೇಲಿ ಬರುತ್ತಿದ್ದ ಕ್ಯಾಲನಸ್‌ಗಳ ಪೂರೈಕೆಯೂ ಬದಲಾಯಿತು. ಬೇಸಿಗೆಯ ಕೊನೆಯಲ್ಲಿ ತಿಮಿಂಗಿಲಗಳಿಗೆ ದಟ್ಟವಾಗಿ ಸಿಗುತ್ತಿದ್ದ ಎಣ್ಣೆ ತುಂಬಿದ ಮರಿಗಳು ವಿರಳವಾದವು. ಎಣ್ಣೆಯಿಲ್ಲದೆ ತಿಮಿಂಗಿಲದ ಬಸಿರೂ ನಿಲ್ಲದು. ಮೂರು ನಾಲ್ಕು ವರ್ಷಕ್ಕೊಮ್ಮೆ ಕರು ಹಾಕುತ್ತಿದ್ದ ತಾಯಂದಿರು ಏಳರಿಂದ ಹತ್ತು ವರ್ಷಕ್ಕೊಮ್ಮೆ ಹಾಕುವ ಸ್ಥಿತಿ ಬಂತು. 2017-18ರ ಚಳಿಗಾಲದಲ್ಲಿ ಒಂದೇ ಒಂದು ಕರುವೂ ಕಾಣಿಸಲಿಲ್ಲ. ನುಚ್ಚಿನಂಥ ಜೀವಿಯ ಅಂಡಾಶಯಕ್ಕೆ ಕೊರತೆಯಾದ ಎಣ್ಣೆಯೇ ತಿಮಿಂಗಿಲದ ಗರ್ಭಕ್ಕೂ ಕೊರತೆಯಾಯಿತು.

ಇದನ್ನೆಲ್ಲ ಮೊದಲೇ ಗುರುತಿಸುವುದು ಸಾಧ್ಯವಿತ್ತೇ? ಭಾಗಶಃ ಸಾಧ್ಯವಿತ್ತೆಂದೇ ನನ್ನ ಅಭಿಪ್ರಾಯ. ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿರುವ ಆಲ್‌ಫ್ರೆಡ್ ವೆಗೆನರ್ ಸಂಸ್ಥೆಯ ಬಾರ್ಬರಾ ನೀಹಾಫ್ ಮತ್ತು ಹಾನ್ಸ್ ಯೂರ್ಗನ್ ಹಿರ್ಶ 1996ರಲ್ಲೇ ಒಂದು ಸರಳ ವಿಧಾನವನ್ನು ಪ್ರಕಟಿಸಿದ್ದರು. ಫಾರ್ಮಲಿನ್‌ನಲ್ಲಿಟ್ಟ ಹೆಣ್ಣು ಕೋಪಿಪಾಡ್‌ಗೆ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಡಕೋಶಗಳು ಯಾವ ಹಂತದಲ್ಲಿವೆ ಎಂಬುದು ಕಾಣುತ್ತದೆ. ಮಾಗಿದ ಸಾಲಿನಲ್ಲಿ ಎಷ್ಟು ಕೋಶಗಳಿವೆ ಎಂದು ಎಣಿಸಿದರೆ ಆ ಹೆಣ್ಣುಗಳ ಗುಂಪು ಎಷ್ಟು ಮೊಟ್ಟೆ ಇಡುವುದರಲ್ಲಿತ್ತು ಎಂದು ಹೇಳಬಹುದು. ಇದರರ್ಥ ಏನು? ಹಡಗಿನ ಮೇಲೆ ಜೀವಂತ ಹೆಣ್ಣುಗಳನ್ನು ಹಗಲಿರುಳು ಕಾದು ಕೂರಬೇಕಿಲ್ಲ. ಎಂದೋ ಸಂಗ್ರಹಿಸಿ ಕಪಾಟಿನಲ್ಲಿಟ್ಟ ಸೀಸೆಯನ್ನು ತೆರೆದು ಆ ವರ್ಷದ ಕಡಲಿನ ಪಂಚಾಂಗವನ್ನು ಇಂದೂ ಓದಬಹುದು. ನ್ಯಾಯಾಲಯದಲ್ಲಿ ಹಳೆಯ ದಸ್ತಾವೇಜು ನಿಲ್ಲುವಂತೆ ಇದು ನಿಲ್ಲುತ್ತದೆ. ಬೇಕಾದದ್ದು ಬಲೆ, ಬಣ್ಣ, ಸೂಕ್ಷ್ಮದರ್ಶಕ ಮತ್ತು ತಾಳ್ಮೆಯಿರುವ ಒಂದು ಜೊತೆ ಕಣ್ಣು.

ದೀರ್ಘಕಾಲದ ಎಣಿಕೆ ಏನನ್ನು ತೋರಿಸಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯಿದೆ. ಆಲಿಸ್ಟರ್ ಹಾರ್ಡಿ ರೂಪಿಸಿದ ಪ್ಲವಕ ಸಂಗ್ರಾಹಕ ಯಂತ್ರವನ್ನು 1931ರಿಂದ ಸಾಮಾನ್ಯ ಸರಕು ಹಡಗುಗಳೇ ಹಿಂದೆ ಕಟ್ಟಿಕೊಂಡು ಎಳೆಯುತ್ತಿವೆ. ಒಳಗೆ ಸುತ್ತಿಕೊಳ್ಳುತ್ತ ಹೋಗುವ ರೇಷ್ಮೆ ಬಟ್ಟೆಯಲ್ಲಿ ದಾರಿಯುದ್ದದ ಸೂಕ್ಷ್ಮ ಜೀವಿಗಳು ಸಿಕ್ಕಿಬೀಳುತ್ತವೆ. ಮಹಾಯುದ್ಧದ ಕಾಲ ಬಿಟ್ಟರೆ ಆ ಕೆಲಸ ನಿಂತಿಲ್ಲ. ಉತ್ತರ ಸಮುದ್ರದಲ್ಲಿ ತಣ್ಣೀರಿನ ಕ್ಯಾಲನಸ್ ಫಿನ್‌ಮಾರ್ಕಿಕಸ್ ಹಿಂದೆ ಸರಿದು ಬೆಚ್ಚನೆಯ ನೀರಿನ ಹೆಲ್ಗೊಲ್ಯಾಂಡಿಕಸ್ ಅದರ ಜಾಗಕ್ಕೆ ಬಂದದ್ದು, ಅದರೊಂದಿಗೆ ಕಾಡ್ ಮೀನಿನ ಮರಿಗಳು ಬದುಕುಳಿಯುವುದು ಕಡಿಮೆಯಾದದ್ದು ಈ ರೇಷ್ಮೆಯ ಸುರುಳಿಗಳಿಂದಲೇ ಗೊತ್ತಾಯಿತು. ಫ್ರಾನ್ಸಿನ ಗ್ರೆಗರಿ ಬೋಗ್ರಾಂ ಮತ್ತು ಸಂಗಡಿಗರು 2003ರಲ್ಲಿ ಅದನ್ನು ಜಗತ್ತಿನ ಮುಂದಿಟ್ಟರು. ಹೆಲ್ಗೊಲ್ಯಾಂಡಿಕಸ್ ವಸಂತಕ್ಕಿಂತ ಶರತ್ಕಾಲದ ಕಡೆಗೆ ಹೆಚ್ಚಾಗುವ ಜೀವಿ. ಕಾಡ್ ಮರಿಗೆ ಹಸಿವಾಗುವುದು ವಸಂತದಲ್ಲಿ. ಒಟ್ಟು ತೂಕ ಹಾಕಿದರೆ ಕಡಲಿನಲ್ಲಿ ಆಹಾರ ಇದ್ದೇ ಇದೆ ಎನಿಸಬಹುದು. ಹಸಿದ ಹೊತ್ತಿಗೆ ಇಲ್ಲ.

ತೂಕದ ಮಾತು ಬಂದದ್ದರಿಂದ ನಾರ್ವೆಯ ನಿರ್ಧಾರವೊಂದನ್ನು ಪ್ರಸ್ತಾಪಿಸಬೇಕು. ಅಲ್ಲಿನ ಸರ್ಕಾರ 2019ರಲ್ಲಿ ಕ್ಯಾಲನಸ್ಸನ್ನೇ ವಾಣಿಜ್ಯ ಉದ್ದೇಶಕ್ಕೆ ಹಿಡಿಯಲು ಅವಕಾಶ ನೀಡಿ ವರ್ಷಕ್ಕೆ 2,54,000 ಟನ್ನುಗಳ ಮಿತಿಯನ್ನು ನಿಗದಿಪಡಿಸಿತು. ಅದರ ಎಣ್ಣೆ ಆರೋಗ್ಯಕ್ಕೆ ಒಳ್ಳೆಯದೆಂದು ಗುಳಿಗೆಗಳಲ್ಲಿ ಮಾರಾಟವಾಗುತ್ತದೆ. ಸರ್ಕಾರದ ಪರವಾದ ವಾದವನ್ನೂ ಕೇಳಬೇಕು. ನಾರ್ವೆ ಸಮುದ್ರದಲ್ಲಿರುವ ಕ್ಯಾಲನಸ್‌ನ ಒಟ್ಟು ತೂಕ ಮೂರು ಕೋಟಿ ಟನ್ನಿಗೂ ಹೆಚ್ಚೆಂದು ಅಂದಾಜು. ಮಿತಿ ಅದರ ನೂರಕ್ಕೆ ಒಂದು ಪಾಲೂ ಅಲ್ಲ. ಇದುವರೆಗೆ ಹಿಡಿದದ್ದು ಆ ಮಿತಿಯಲ್ಲೂ ಒಂದು ಚೂರು. ಮೀನುಗಳು ತಿನ್ನುವುದರ ಮುಂದೆ ಮನುಷ್ಯ ಹಿಡಿಯುವುದು ಲೆಕ್ಕಕ್ಕಿಲ್ಲ. ಈ ವಾದವನ್ನು ನಾನು ತಳ್ಳಿಹಾಕಲಾರೆ. ನಾರ್ವೆ ಕಡಲನ್ನು ದೋಚುತ್ತಿದೆ ಎಂದು ಕೂಗುವ ಪರಿಸರವಾದಿಗಳ ಸಾಲಿನಲ್ಲಿ ನಿಲ್ಲುವ ಉದ್ದೇಶವೂ ನನಗಿಲ್ಲ.

ನನ್ನ ಆಕ್ಷೇಪ ಬೇರೆ. ಮೂರು ಕೋಟಿ ಟನ್ ಎಂಬುದು ಇಡೀ ಸಮುದ್ರದ ಮೊತ್ತ. ಬಲೆ ಬೀಳುವುದು ಒಂದು ಜಾಗದಲ್ಲಿ, ಒಂದು ಋತುವಿನಲ್ಲಿ. ಜೀವಿಗಳು ಮೇಲ್ಪದರದಲ್ಲಿ ದಟ್ಟವಾಗಿ ಸೇರಿ ಎಣ್ಣೆ ತುಂಬಿಕೊಳ್ಳುವ ಕಾಲವೇ ಹಿಡಿಯಲು ಲಾಭದಾಯಕ. ಗುಳಿಗೆಗೆ ಸೇರುವ ಎಣ್ಣೆ ಮುಂದಿನ ಫೆಬ್ರವರಿಯಲ್ಲಿ ಅಂಡಾಶಯವಾಗಬೇಕಿದ್ದ ಎಣ್ಣೆ. ಅದೇ ಬಲೆಗೆ ಮೀನಿನ ಮೊಟ್ಟೆ ಮರಿಗಳೂ ಬೀಳುತ್ತವೆ. ಇಂದು ಹಿಡಿಯುವ ಪ್ರಮಾಣ ಅಲ್ಪವಾದ್ದರಿಂದ ಅಪಾಯವೂ ಅಲ್ಪ. ಆದರೆ ಅನುಮತಿಯ ಗಾತ್ರ ಇಂದಿನ ಹಿಡುವಳಿಯ ಎಷ್ಟೋ ಪಟ್ಟು ಇದೆ. ಉದ್ಯಮ ಅಲ್ಲಿಗೆ ಬೆಳೆದ ಮೇಲೆ ಹೆಣ್ಣುಗಳ ಸ್ಥಿತಿಯನ್ನು ಪರೀಕ್ಷಿಸುತ್ತೇವೆ ಎನ್ನುವುದು ಸೇಂಟ್ ಲಾರೆನ್ಸ್‌ನಲ್ಲಿ ಶವ ಎಣಿಸಿ ವೇಗಮಿತಿ ಹಾಕಿದ ಕ್ರಮವೇ ಆಗುತ್ತದೆ. ಪ್ರತಿ ವಸಂತದಲ್ಲಿ, ಹಿಡಿಯುವ ಜಾಗದಲ್ಲೇ, ಅಂಡಾಶಯಗಳನ್ನು ನೋಡಿ ಆ ವರ್ಷದ ಮಿತಿಯನ್ನು ನಿರ್ಧರಿಸುವುದು ನಾರ್ವೆಯಂಥ ಶ್ರೀಮಂತ ದೇಶಕ್ಕೆ ಹೊರೆಯಲ್ಲ.

ಅಟ್ಲಾಂಟಿಕ್‌ನ ಈ ಕಥೆ ಕರ್ನಾಟಕದ ಓದುಗನಿಗೇಕೆ ಎಂಬ ಪ್ರಶ್ನೆ ಏಳಬಹುದು. ಸುಪ್ತಾವಸ್ಥೆ ಚಳಿ ದೇಶಗಳ ಸೊತ್ತಲ್ಲ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ತೀರಕ್ಕೆ ಬಡಿಯುವ ಅರಬ್ಬಿ ಸಮುದ್ರದಲ್ಲೂ ಮಲಗಿ ಏಳುವ ಕೋಪಿಪಾಡ್ ಇದೆ. ಅದು ಕ್ಯಾಲನಾಯ್ಡಿಸ್ ಎಂಬ ಕುಲಕ್ಕೆ ಸೇರಿದ್ದು. ಸೊಮಾಲಿಯಾ ಮತ್ತು ಒಮಾನ್ ತೀರಗಳಲ್ಲಿ ನೈಋತ್ಯ ಮುಂಗಾರಿನ ಗಾಳಿ ಮೇಲಿನ ನೀರನ್ನು ದೂಡಿದಾಗ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ, ಹಸಿರು ಹಬ್ಬುತ್ತದೆ. ಆಗ ಈ ಜೀವಿ ಮೇಲ್ಪದರದಲ್ಲಿ ಹಿಂಡುಗಟ್ಟಿ ಮೊಟ್ಟೆಯಿಟ್ಟು ಬೆಳೆಯುತ್ತದೆ. ಮುಂಗಾರು ಮುಗಿಯುತ್ತಿದ್ದಂತೆ ಎಣ್ಣೆ ತುಂಬಿಕೊಂಡ ಮರಿಗಳು ಐನೂರು ಮೀಟರಿಗೂ ಕೆಳಗೆ, ಆಮ್ಲಜನಕ ಕಡಿಮೆಯಿರುವ ಆಳಕ್ಕೆ ಇಳಿದು ಮುಂದಿನ ಮುಂಗಾರಿನವರೆಗೆ ಮಲಗುತ್ತವೆ. ಅಮೆರಿಕದ ಶರನ್ ಸ್ಮಿತ್ 1979ರ ಮುಂಗಾರಿನಲ್ಲೂ, ಮತ್ತೆ 1990ರ ದಶಕದ ಅಂತರರಾಷ್ಟ್ರೀಯ ಯಾನಗಳಲ್ಲೂ ಇವುಗಳನ್ನು ಅಧ್ಯಯನ ಮಾಡಿದರು. ಅಟ್ಲಾಂಟಿಕ್‌ನ ಕ್ಯಾಲನಸ್‌ಗೆ ವಸಂತ ಹೇಗೋ ಇದಕ್ಕೆ ಮುಂಗಾರು ಹಾಗೆ. ನಮ್ಮ ರೈತನ ಪಂಚಾಂಗವೂ ಇದರ ಪಂಚಾಂಗವೂ ಅಕ್ಷರಶಃ ಒಂದೇ.

ಈ ಸಮುದ್ರದ ಅಧ್ಯಯನದಲ್ಲಿ ಭಾರತ ಹಿಂದೆ ಬಿದ್ದಿರಲಿಲ್ಲ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ಹಲವು ದೇಶಗಳ ನೌಕೆಗಳು ಸಂಗ್ರಹಿಸಿದ ಪ್ರಾಣಿಪ್ಲವಕಗಳನ್ನು ವಿಂಗಡಿಸಲು ಕೊಚ್ಚಿಯಲ್ಲಿ ಯುನೆಸ್ಕೊ ನೆರವಿನಿಂದ ಒಂದು ಕೇಂದ್ರವೇ ಸ್ಥಾಪನೆಯಾಯಿತು. ಆ ಯಾನದ ಫಲವಾಗಿ 1966ರಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು. ಇಂದು ಅದರ ಕೇಂದ್ರ ಕಚೇರಿ ನಮ್ಮ ನೆರೆಯ ಗೋವಾದಲ್ಲಿದೆ. ಆ ಸಂಸ್ಥೆಯವರು ಕ್ಯಾಂಡೋಲಿಂ ಎದುರಿನ ಕಡಲಿನಲ್ಲಿ 1990ರ ದಶಕದಿಂದ ವರ್ಷದಿಂದ ವರ್ಷಕ್ಕೆ ನೀರನ್ನು ಪರೀಕ್ಷಿಸಿದ್ದರಿಂದಲೇ ಮುಂಗಾರಿನ ಕೊನೆಯಲ್ಲಿ ನಮ್ಮ ತೀರದ ಬಳಿ ಆಮ್ಲಜನಕ ಹೇಗೆ ಕುಸಿಯುತ್ತದೆ ಎಂಬುದು ತಿಳಿದದ್ದು. ಸಣ್ಣ ದೋಣಿಯಲ್ಲಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ನೀರಸ ಕೆಲಸದ ಫಲ ಅದು. ಆ ಸಾಮರ್ಥ್ಯ ನಮ್ಮಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಆಳ ಸಾಗರ ಯೋಜನೆಗೆ ಐದು ವರ್ಷಗಳಿಗೆಂದು 4,077 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ 6000 ನೌಕೆ ಅದರ ಮುಕುಟಮಣಿ. ಆಳಕ್ಕಿಳಿಯುವುದು ಬೇಡ ಎನ್ನುವವನು ನಾನಲ್ಲ. ಅದೇ ಯೋಜನೆಯಲ್ಲಿ ಆಳದ ಜೀವವೈವಿಧ್ಯದ ಅಧ್ಯಯನಕ್ಕೂ ಸ್ಥಾನವಿದೆ. ಆದರೆ ಆರು ಸಾವಿರ ಮೀಟರಿಗೆ ಒಮ್ಮೆ ಇಳಿದು ಬರುವುದಕ್ಕಿಂತ, ಒಂದು ಸಾವಿರ ಮೀಟರಿಗೆ ಬಲೆಯನ್ನು ತಿಂಗಳಿಗೊಮ್ಮೆ, ಇಪ್ಪತ್ತು ವರ್ಷ, ತಪ್ಪದೆ ಇಳಿಸುವುದು ಹೆಚ್ಚು ಹೇಳಬಲ್ಲದು. ಅದಕ್ಕೆ ಪತ್ರಿಕೆಗಳ ಮುಖಪುಟದಲ್ಲಿ ಚಿತ್ರ ಬರುವುದಿಲ್ಲ ಎಂಬುದೊಂದೇ ಅದರ ದೋಷ.

ನಮ್ಮ ಮೀನುಗಾರಿಕೆಯ ಕಾನೂನು ಕೂಡ ಕ್ಯಾಲೆಂಡರಿನದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ತೀರದಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಹಾಕುವ ಕಾಲ, ಕಡಲು ಪ್ರಕ್ಷುಬ್ಧವಾಗಿರುವ ಕಾಲ, ನಿಷೇಧ ಒಳ್ಳೆಯದೇ. ದಿನಾಂಕವನ್ನು ವರ್ಷವರ್ಷವೂ ಅತ್ತಿತ್ತ ಎಳೆದಾಡಿದರೆ ಸಾಲ ಮಾಡಿ ದೋಣಿ ಕಟ್ಟಿದವರು, ಐಸ್ ಕಾರ್ಖಾನೆಯವರು, ಬಲೆ ಹೆಣೆಯುವವರು ಎಲ್ಲರಿಗೂ ತೊಂದರೆ. ಹಾಗಾಗಿ ದಿನಾಂಕ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಮುಂಗಾರು ತಡವಾಗಿ ಬಂದ ವರ್ಷ, ಹಸಿರು ತಡವಾಗಿ ಹಬ್ಬಿದ ವರ್ಷ, ಆಗಸ್ಟ್ ಒಂದರಂದು ದೋಣಿಗಳು ಹೊರಟಾಗ ಕಡಲು ಯಾವ ಹಂತದಲ್ಲಿತ್ತು ಎಂಬ ದಾಖಲೆ ನಮ್ಮ ಕೈಯಲ್ಲಿ ಇರಬೇಕು. ಬೂತಾಯಿ ಒಂದು ವರ್ಷ ರಾಶಿಯಾಗಿ ಬಿದ್ದು ಮರುವರ್ಷ ಮಾಯವಾದಾಗ ನಾಡದೋಣಿಯವರು ಪರ್ಸೀನ್‌ನವರನ್ನು, ಪರ್ಸೀನ್‌ನವರು ಬೆಳಕಿನ ಮೀನುಗಾರಿಕೆಯವರನ್ನು ದೂರುತ್ತಾರೆ. ಆ ದೂರುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಬೂತಾಯಿಯ ಊಟ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಒಂದು ಬಲೆ, ಒಂದು ಗೊತ್ತಾದ ಜಾಗ, ತಿಂಗಳಿಗೊಂದು ದಿನ. ತಂದ ಮಾದರಿಯಲ್ಲಿ ಕೋಪಿಪಾಡ್‌ಗಳನ್ನು ಎಣಿಸುವುದರ ಜೊತೆಗೆ ಹೆಣ್ಣುಗಳಿಗೆ ಬಣ್ಣ ಹಾಕಿ ಅಂಡಕೋಶಗಳ ಸಾಲುಗಳನ್ನೂ ನೋಡುವುದು. ಉಳಿದದ್ದನ್ನು ದಿನಾಂಕ ಬರೆದು ಸೀಸೆಯಲ್ಲಿ ಮುಚ್ಚಿಡುವುದು. ಆಳದ ಕ್ಯಾಲನಾಯ್ಡಿಸ್‌ಗಳಿಗೆ ಹಡಗು ಬೇಕು. ತೀರದ ಜೀವಿಗಳಿಗೆ ದೋಣಿ ಸಾಕು. ಎಂ.ಎಸ್ಸಿ. ವಿದ್ಯಾರ್ಥಿಗಳು ಕಲಿಯಬಹುದಾದ ಕೆಲಸವಿದು. ಸಂಶೋಧಕರ ಅವಧಿ ಮುಗಿದೊಡನೆ ನಿಂತುಹೋಗುವ ಮೂರು ವರ್ಷದ ಯೋಜನೆಯಾಗಿ ಅಲ್ಲ, ಹವಾಮಾನ ಇಲಾಖೆಯವರು ಮಳೆ ಅಳೆಯುವಂತೆ ಖಾಯಂ ಕರ್ತವ್ಯವಾಗಿ ಇದಕ್ಕೆ ರಾಜ್ಯ ಮೀನುಗಾರಿಕೆ ಇಲಾಖೆಯ ಆಯವ್ಯಯದಲ್ಲಿ ಒಂದು ಸಾಲು ಇರಬೇಕು. ಬರುವ ಬಜೆಟ್ಟಿನಲ್ಲಿ ಬಂದರು, ಜೆಟ್ಟಿ, ಡೀಸೆಲ್ ಸಬ್ಸಿಡಿಗಳ ಕೆಳಗೆ ಆ ಸಾಲಿಗೆ ಜಾಗ ಸಿಕ್ಕೀತೇ ಎಂದು ಕರಾವಳಿಯ ಶಾಸಕರು ಸದನದಲ್ಲಿ ಕೇಳಲಿ.